ನಾನು ತೆರೆಯದ ಮೇಲ್

ನವೆಂಬರ್ 3, ಸೋಮವಾರ

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಪಹಣಿ, ಜೆರಾಕ್ಸ್, ಆಧಾರ್ ಪ್ರಿಂಟ್. ಉಸಿರಾಡಲು ಪುರುಸೊತ್ತಿಲ್ಲ. ಅದರ ಮೇಲೆ ಮೇಲ್ ಬರುವುದೇ ನಿಂತಿದೆ. ಕಂಪ್ಯೂಟರ್ ರಿಪೇರಿ ಮಾಡುವ ಪುತ್ತೂರಿನ ನೌಷಾದ್‌ಗೆ ಫೋನ್ ಮಾಡಿದೆ.

"ಹಳೇ ಕನೆಕ್ಷನ್ ಬಂದ್ ಮಾಡಿದ್ದಾರೆ ಅಕ್ಕ. ಸೆಕ್ಯೂರ್ ಹಾಕ್ಬೇಕು. ಐಮ್ಯಾಪ್, ಪೋರ್ಟ್ 993, ಎಸ್‌ಎಸ್‌ಎಲ್. ನಾನು ಹೇಳಿದ ಹಾಗೆ ಒತ್ತಿ."

ಒತ್ತಿದೆ. ಬಂತು!

ಆಲಂಕಾರಿನ ಅರ್ಧ ಊರಿನ ಅರ್ಜಿಗಳಲ್ಲಿ ಇರುವುದು ನಮ್ಮ ಅಂಗಡಿಯ ಮೇಲ್ ಐಡಿಯೇ. ತನ್ಮಯೀಗೂ ಅದನ್ನೇ ಹಾಕಿದ್ದೆ — ಮೈದುನ ಶ್ರೀರಾಮನ ಹೆಂಡತಿ. ಅವಳ ಫೋನನ್ನು ಅವನು ದಿನಾ ತಡಕುತ್ತಾನೆ. ಅವಳ ಕೈ ಮುರಿದದ್ದು ಬಚ್ಚಲಲ್ಲಿ ಜಾರಿ ಅಲ್ಲ. ಮೈಸೂರಿನ ಒಂದು ಹಾಸ್ಟೆಲ್‌ನಲ್ಲಿ ವಾರ್ಡನ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಸಿಕ್ಕಿದರೆ ಅಲ್ಲೇ ಇರಬಹುದು, ಅವನಿಗೆ ವಿಳಾಸ ತಿಳಿಯದ ಹಾಗೆ.

ನವೆಂಬರ್ 4

ಓದದ ಮೇಲ್ ದಪ್ಪಕ್ಷರದಲ್ಲಿ ಇರುತ್ತದೆ. ಇವತ್ತು ಬಂದದ್ದೆಲ್ಲ ಹಾಗೇ ಇದೆ. ಮೈಸೂರಿನದ್ದು ಮಾತ್ರ ತೆಳು. ಆಯ್ಕೆಯಾಗಿದ್ದಾಳಂತೆ, ವಿಳಾಸ ಮತ್ತು ಸೇರುವ ದಿನ ಮುಂದೆ ತಿಳಿಸುತ್ತಾರಂತೆ. ನಾನು ತೆರೆದೇ ಇರಲಿಲ್ಲ!

ಮತ್ತೆ ನೌಷಾದ್. "ಬೇರೆ ಯಾರೋ ಓದಿದ್ದಾರೆ ಅಕ್ಕ. ಹಳೇ ಸೆಟ್ಟಿಂಗಲ್ಲಿ ಅದು ಕಾಣುದಿಲ್ಲ. ಈಗ ಎಲ್ಲಿ ತೆರೆದ್ರೂ ಇಲ್ಲಿ ಕಾಣ್ತದೆ."

"ಸೆಕ್ಯೂರ್ ಅಂತ ಹೇಳಿದ್ದಲ್ವಾ ಮಾರಾಯ?"

"ಅದು ಮೇಲ್ ಬರುವ ದಾರಿಗೆ ಮಾತ್ರ. ಪಾಸ್‌ವರ್ಡ್ ಇದ್ದವ ಸೀದಾ ಒಳಗೆ ಬರ್ತಾನೆ."

ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದು ತೂಗುಹಾಕಿದವಳು ನಾನೇ. ಎಂಥ ಬುದ್ಧಿ! ಶ್ರೀರಾಮ ಬಂದಾಗಲೆಲ್ಲ ಅದರ ಕೆಳಗೇ ಕೂರುತ್ತಾನೆ.

ನವೆಂಬರ್ 6

ಶ್ರೀರಾಮ ಬಂದ. ಕೂತ. ನಕ್ಕ.

"ಅತ್ತಿಗೆ, ಮೈಸೂರಲ್ಲಿ ಈಗ ಚಳಿ ಉಂಟಾ?"

"ನನಗೆಂತ ಗೊತ್ತು?" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು, ಮುಖ ನೋಡಿಯೇ ತಿಳಿದಿರಬೇಕು.

ಮೊನ್ನೆಯೇ ಮಾಡಬೇಕಿತ್ತು, ಇವತ್ತು ಪಾಸ್‌ವರ್ಡ್ ಬದಲಿಸಿದೆ. ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಇವರಿಗೆ ಹೇಳಿ ಹಗುರಾಗೋಣ ಅನಿಸಿತು. ಆದರೆ ಒಡಹುಟ್ಟಿದ ತಮ್ಮನ ವಿಷಯ… ಪಾಪ, ಯಾಕೆ ನೋಯಿಸುವುದು.

ನವೆಂಬರ್ 8, ಶನಿವಾರ

ವಿಳಾಸದ ಮೇಲ್ ಬಂತು. ದಪ್ಪಕ್ಷರದಲ್ಲಿ! ಅಳುವೇ ಬಂತು. ಪ್ರಿಂಟ್ ಹಾಕಲಿಲ್ಲ. ತನ್ಮಯೀ ಬಂದಾಗ ಓದಿ ಹೇಳಿದೆ, ಬಾಯಿಪಾಠ ಮಾಡಿಕೊಂಡಳು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ.

"ನಾನು ಹೋದ ಮೇಲೆ ನಿಮಗೆ ಎಂತಾದ್ರೂ ಮಾಡಿದ್ರೆ, ಅಕ್ಕ?"

"ನನಗೆಂತ ಮಾಡ್ತಾನೆ? ನಿನ್ನ ಭಾವ ಇಲ್ವಾ?"

ನವೆಂಬರ್ 9, ಸಂಜೆ

ಚಹಾ ಕೊಟ್ಟೆ. ಇವರು ಫೋನ್ ನೋಡುತ್ತಲೇ ಕೇಳಿದರು.

"ಅಂಗಡಿಯ ಮೇಲ್ ಓಪನ್ ಆಗುದೇ ಇಲ್ಲ ನನಗೆ. ಪಾಸ್‌ವರ್ಡ್ ಬದಲಿಸಿದ್ಯಾ?"

ಇವರ ಫೋನಿನಲ್ಲಿ ಅದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಹೊಸತು ಒತ್ತಿ ಕೊಡು ವಾಸಂತೀ. ಶ್ರೀರಾಮನಿಗೆ ಬರ್ಲಿಕ್ಕೆ ಹೇಳಿದ್ದೇನೆ." ದನಿ ಏರಿಸಲೇ ಇಲ್ಲ. ನನ್ನ ಮುಂದೆ ಫೋನ್ ಹಿಡಿದು ಕಾದರು.

ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹಾಲಿಲ್ಲ, ಏನೂ ಇಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನನ್ನು ನೋಡಿ ಇವತ್ತು ಹೆದರಿಕೆಯಾಗುತ್ತಿದೆ. ನಾಳೆ ಬಸ್ಸು ಹೊರಡುವವರೆಗೆ, ಹೊರಟ ಮೇಲೂ, ಪಾಸ್‌ವರ್ಡ್ ಮರೆತಿದೆ ಅನ್ನಬೇಕು. ಏನು ಮಾಡಿದರೂ ಮರೆತಿದೆ.

ಅಂಗಳದಲ್ಲಿ ಬೈಕ್ ನಿಂತಿತು. ಇಬ್ಬರೂ ಕರೆಯುತ್ತಿದ್ದಾರೆ. ಹೇಳುವುದಿಲ್ಲ. ಕೈ ಮುರಿದರೂ ಹೇಳು—