ತಿಳಿಯಾದ ತೊಟ್ಟಿ

ಗುರುವಾರ ಮಧ್ಯಾಹ್ನ,
ಲ್ಯಾಬಿನ ಊಟದ ಕೋಣೆ

ನನ್ನ ಚಿನ್ನು,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಯಾಕೆ ಎತ್ತಲಿಲ್ಲ ಎಂದು ಕೇಳುವ ಮುಖವೂ ನನಗಿಲ್ಲ. ನಿನ್ನ ಹೆರಿಗೆಗೆ ಬರಲಿಲ್ಲ. ಹುಟ್ಟಿದ್ದು ಹೆಣ್ಣುಮಗು ಎಂಬುದನ್ನೂ ನಿನ್ನ ಅತ್ತೆಯ ಬಾಯಿಂದ ಕೇಳಿದೆ. ಅದಕ್ಕೇ ಈ ಕಾಗದ.

ತೊಟ್ಟಿ ಸತ್ತುಹೋಯಿತು. ಪ್ಲಾಸ್ಟಿಕ್ ಬಾಟಲಿಯ ಪುಡಿ ತಿಂದು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಸಾಕಿದ್ದೆವಲ್ಲ, ಅದೇ ತೊಟ್ಟಿ. "ಅಮ್ಮನ ಹುಳುಗಳು" ಎಂದು ನೀನು ರೇಗುತ್ತಿದ್ದೆ. ಹೊತ್ತುಹೊತ್ತಿಗೆ ಮೇವು, ಹದವಾದ ಬಿಸಿ, ಬೇಕಾದಷ್ಟು ಗಾಳಿ. ಬಾಣಂತಿಗೂ ಅಂಥ ಉಪಚಾರ ಸಿಗುವುದಿಲ್ಲ, ನಿನಗಂತೂ ನನ್ನಿಂದ ಸಿಗಲಿಲ್ಲ. ಅವಕ್ಕೂ ಕಾಯಿಲೆ ಬರುತ್ತದೆ. ಎಲ್ಲಿಂದಲೋ ಬ್ಯಾಕ್ಟೀರಿಯಾಗಳನ್ನೇ ಒಡೆದು ಕೊಲ್ಲುವ ಒಂದು ವೈರಸ್ ನುಸುಳಿತು. ಬದುಕಿರುವ ತೊಟ್ಟಿಯ ನೀರು ಹಾಲು ಬೆರೆಸಿದ ಹಾಗೆ ಮಸುಕಾಗಿರುತ್ತದೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಬರೀ ತಿಳಿನೀರು. ಪುಡಿಯೆಲ್ಲ ಹಾಕಿದ ಹಾಗೇ ತಳದಲ್ಲಿ ಕೂತಿತ್ತು.

ಅವತ್ತೇ ಒಬ್ಬ ದೊಡ್ಡ ಅಧಿಕಾರಿ ಬರಬೇಕೇ! ತೊಟ್ಟಿಯ ತಳ ಕಾಣದ ಗಾಜಿನ ಕಿಂಡಿಗೆ ಮೂಗು ಒತ್ತಿ, "ಅಬ್ಬಾ, ಎಷ್ಟು ಕ್ಲೀನಾಗಿದೆ ಮೇಡಂ! ಎಲ್ಲಾ ತಿಂದು ಮುಗಿಸಿಬಿಟ್ವಾ?" ಎಂದರು. ನಮ್ಮ ನಿರ್ದೇಶಕರು ನನ್ನ ಕಡೆ ನೋಡಿದರು, ಹೂಂ ಅಂದುಬಿಡಿ ಎನ್ನುವ ಹಾಗೆ.

"ಇಲ್ಲ ಸಾರ್, ತಿನ್ನೋವೇ ಸತ್ತೋಗಿವೆ" ಎಂದೆ.

ಅಧಿಕಾರಿ ಹೋದ ಮೇಲೆ ನಿರ್ದೇಶಕರು ನನ್ನನ್ನು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ತೊಟ್ಟಿ ಖಾಲಿ ಮಾಡಿ ಉಜ್ಜಿದೆವು. ಬಗ್ಗಿದವಳು ಏಳಲು ಕಂಬಿ ಹಿಡಿಯಬೇಕಾಯಿತು. ಸಾಕಾಗಿದೆ ಕಣೇ. ಅಳುವುದಕ್ಕೂ ಬೇಸರ ಬರುವಷ್ಟು ಸಾಕಾಗಿದೆ.

ಇಲ್ಲಿ ಇನ್ನು ನನಗೇನೂ ಕೆಲಸವಿಲ್ಲ. ಭಾನುವಾರ ಬರುತ್ತೇನೆ. ಬಾಗಿಲು ತೆಗೆದರೆ ಸಾಕು, ಮಾತಾಡದಿದ್ದರೂ ಪರವಾಗಿಲ್ಲ. ಮಗುವನ್ನು ಎತ್ತಿಕೊಂಡು ಮನೆಯೆಲ್ಲ ತಿರುಗಾಡುತ್ತೇನೆ. ನೀನು ಮಲಗು. ಎಚ್ಚರವಾಗುವವರೆಗೂ ಮಲಗು.

ಇಂತಿ ನಿನ್ನ,
ಅಮ್ಮ

ಮಡಿಸುವ ಮುಂಚೆ ಒಂದು ಮಾತು: ಕೆಲಸವಿಲ್ಲ ಎಂದು ಬರೆದದ್ದು ಸುಳ್ಳು. ಫ್ರೀಜರಿನಲ್ಲಿ ಕಾಪಿಟ್ಟಿದ್ದ ಒಂದು ಪುಟ್ಟ ಸೀಸೆಯ ಬ್ಯಾಕ್ಟೀರಿಯಾ ಇವತ್ತು ಬೆಳಿಗ್ಗೆ ಮತ್ತೆ ಬೆಳೆಯಲು ಶುರುಮಾಡಿದೆ. "ನೀವಿಲ್ಲದೆ ಹೇಗೆ ಮೇಡಂ?" ಎಂದು ನಿರ್ದೇಶಕರು ಈ ಊಟದ ಕೋಣೆಯ ಬಾಗಿಲವರೆಗೂ ಹಿಂದೆ ಬಂದರು. ಹೇಗೋ ಮಾಡಿಕೊಳ್ಳಿ ಎಂದು ಲ್ಯಾಬಿನ ಕೀಲಿ ಕೊಟ್ಟುಬಿಟ್ಟೆ. ಎಲ್ಲ ಸತ್ತಿದ್ದಕ್ಕೆ ಅಮ್ಮ ಬಂದಳು ಎಂದು ಮಾತ್ರ ತಿಳಿಯಬೇಡ, ಚಿನ್ನು.