ನನ್ನ ಕೆಲಸ ‘ಗುಡ್’ ಎಂದು ನಾನೇ ಬರೆಯಬೇಕಿತ್ತೇ?

ಮಾನ್ಯ ಪರೀಕ್ಷಾಧಿಕಾರಿಗಳೇ,

ಪಾಸಾಗಲು ನಲವತ್ತು ಬೇಕಿದ್ದ ಇಂಗ್ಲಿಷಿನಲ್ಲಿ ತಾವು ನನ್ನನ್ನು ನಾಲ್ಕು ಅಂಕಕ್ಕೆ ಫೇಲು ಮಾಡಿದ್ದೀರಿ. ಅದೂ ‘ಗುಡ್’ ಎಂಬ ಪದ ಬಾರದವಳೆಂದು. ಈ ಪತ್ರದಲ್ಲೂ ತಪ್ಪು ಕಂಡರೆ ಇನ್ನೂ ಅಂಕ ಕಳೆಯುತ್ತೀರೇನೋ ಎಂದು ಹೆದರಿ ಮೂರು ಸಲ ತಿದ್ದಿದ್ದೇನೆ. ಕಾಗದ ತೂತಾಯಿತೇ ಹೊರತು ಹೆದರಿಕೆ ಹೋಗಲಿಲ್ಲ.

ನಾನು ಐದನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವಳು. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಮಾಡುತ್ತೇನೆ. ಹಬೆಗೆ ಕೈ ಒಡ್ಡಿ ಒಡ್ಡಿ ಈಗ ಬೆಳಗಿನ ಹೊತ್ತು ಮಣಿಕಟ್ಟು ಮಡಚಲಾಗುವುದಿಲ್ಲ. ನಮ್ಮ ಇಸ್ತ್ರಿ ನೋಡಿ ಚೀಟಿ ಬರೆಯುವ ತಪಾಸಣೆ ಮೇಜಿನ ಅಕ್ಕ ಈ ತಿಂಗಳ ಕೊನೆಗೆ ನಿವೃತ್ತಿ. ಚೀಟಿ ಬರೆಯುವುದು ಇಂಗ್ಲಿಷಿನಲ್ಲಾದ್ದರಿಂದ, ತಮ್ಮ ಪರೀಕ್ಷೆ ಪಾಸಾದರೆ ಆ ಕುರ್ಚಿ ನನ್ನದು. ಮುಂದಿನ ಪರೀಕ್ಷೆ ಎಂಟು ತಿಂಗಳು ಕಳೆದ ಮೇಲಂತೆ. ಅಷ್ಟರಲ್ಲಿ ಅಲ್ಲಿ ಇನ್ಯಾರೋ ಕೂತಿರುತ್ತಾರೆ, ನನ್ನ ಕೈ ಎಲ್ಲಿರುತ್ತದೋ.

‘ಗುಡ್’ ನನಗೆ ಬಾರದೇ? ಸಂಜೆ ಕ್ಲಾಸಿನ ಮೇಷ್ಟ್ರು ಎರಡು ವಾರ ಅದನ್ನೇ ಅರೆದು ಕುಡಿಸಿದ್ದಾರೆ. ಒಬ್ಬರಿದ್ದರೂ ಹತ್ತು ಜನರಿದ್ದರೂ ಅದು ಗುಡ್ಡೇ, ಬಾಲ ಬೆಳೆಯುವುದಿಲ್ಲ. ಹೆಚ್ಚಾದರೆ ಬೆಟರ್, ಎಲ್ಲಕ್ಕಿಂತ ಹೆಚ್ಚಾದರೆ ಬೆಸ್ಟ್. “ಗುಡ್ಡರ್ ಯಾಕಿಲ್ಲ ಸಾರ್?” ಅಂದೆ. “ಅದು ಹಾಗೇನೇ ತಾಯಿ, ಕೆದಕಬೇಡಿ” ಅಂದರು. ಕೈ ಪಳಗಿದ್ದರೆ ‘ಗುಡ್ ಆ್ಯಟ್’, ಮೈಗೆ ಹಿತವಾದರೆ ‘ಗುಡ್ ಫಾರ್’. ಮಗು ಹಟ ಮಾಡದಿದ್ದರೂ ಗುಡ್, ಹಾಲು ಕೆಡದಿದ್ದರೂ ಗುಡ್. ‘ಎ ಗುಡ್ ಟೂ ಅವರ್ಸ್’ ಎಂದರೆ ಎರಡು ಗಂಟೆಗೆ ಒಂದಿಷ್ಟು ಮೇಲೆಯೇ. ಇದಂತೂ ತಟ್ಟನೆ ಹಿಡಿಯಿತು. ‘ಒಳ್ಳೇ ಏಟು ಬಿತ್ತು’ ಎಂದರೆ ಏಟು ಸುಖವಾಗಿತ್ತೆಂದು ನಾವೇನು ತಿಳಿಯುತ್ತೇವೆಯೇ?

ಇದೆಲ್ಲ ನನ್ನ ಉತ್ತರಪತ್ರಿಕೆಯಲ್ಲಿ ಸರಿಯಾಗಿಯೇ ಇದೆ, ತಾವೇ ಟಿಕ್ ಹಾಕಿದ್ದೀರಿ, ನಕಲು ತರಿಸಿ ನೋಡಿದ್ದೇನೆ. ಮುಗ್ಗರಿಸಿದ್ದು ಕೊನೆಯ ಪ್ರಶ್ನೆಯಲ್ಲಿ: ‘ನಿಮ್ಮ ಬಗ್ಗೆ ಹೇಳಿ’. ನನ್ನ ಕೆಲಸ ಡ್ಯಾಶ್, ನನ್ನ ಅಚ್ಚುಕಟ್ಟು ಡ್ಯಾಶ್, ಹೀಗೆ ಐದು ಕಡೆ ಗುಡ್ಡೋ ಬ್ಯಾಡೋ ತುಂಬಬೇಕಿತ್ತು. ಐದನ್ನೂ ಖಾಲಿ ಬಿಟ್ಟೆ.

ನಮ್ಮ ಕೋಣೆಯ ಪದ್ಧತಿ ತಮಗೆ ಗೊತ್ತಿರಲಾರದು. ಇಸ್ತ್ರಿ ಮಾಡಿದವಳು ಮಡಚಿದ ಬಟ್ಟೆಯ ಮೇಲೆ ಖಾಲಿ ಚೀಟಿ ಇಡಬೇಕು. ಮೇಜಿನ ಅಕ್ಕ ಬೆಡ್‌ಶೀಟು ಬಿಡಿಸಿ, ಬೆಳಕಿಗೆ ಹಿಡಿದು, ಕಲೆಯಿಲ್ಲ ಹರುಕಿಲ್ಲ ಎಂದಾದ ಮೇಲೆ ‘ಗುಡ್’ ಎಂದು ಬರೆಯಬೇಕು. ತನ್ನ ಕೆಲಸಕ್ಕೆ ತಾನೇ ಬರೆದುಕೊಂಡವಳಿಗೆ ಆ ದಿನವೇ ಗೇಟು ತೋರಿಸುತ್ತಾರೆ. ಅದರ ಮೇಲೆ ಮಲಗುವವರು ಹೊಟ್ಟೆ ಕೊಯ್ಸಿಕೊಂಡವರು ಸ್ವಾಮಿ, ತಮಾಷೆಯಲ್ಲ. ಹನ್ನೊಂದು ವರ್ಷದಿಂದ ಆ ಜಾಗ ಖಾಲಿ ಬಿಟ್ಟೇ ಅಭ್ಯಾಸವಾದ ಕೈ, ಪರೀಕ್ಷೆಯಲ್ಲೂ ಬಿಟ್ಟಿತು.

ನಾದಿನಿ ಅಂಕಪಟ್ಟಿ ನೋಡಿ ಹಣೆ ಚಚ್ಚಿಕೊಂಡಳು. “ಗುಡ್ ಅಂತ ಗೀಚಿ ಬರೋಕೆ ಏನಾಗಿತ್ತು ಅತ್ತಿಗೆ ನಿಮಗೆ?”

“ಅದನ್ನ ನೋಡೋರು ಬರೀಬೇಕಲ್ವೇನೇ.”

“ಯಾರು ನೋಡೋರು?”

“ಪೇಪರ್ ತಿದ್ದೋರು.”

“ಅವರು ನಿಮ್ಮ ಬೆಡ್‌ಶೀಟು ಯಾವ ಕಾಲದಲ್ಲಿ ನೋಡಿದ್ರು?” ಎಂದು ಅವಳು ಮೇಜಿಗೆ ತಲೆಯಾನಿಸಿ ನಕ್ಕಳು. ನನಗೆ ನಗು ಬರಲಿಲ್ಲ. ಹೌದಲ್ಲ, ಯಾವ ಕಾಲದಲ್ಲಿ ನೋಡಿದಿರಿ? ನೋಡದೆ ಸೊನ್ನೆ ಹೇಗೆ ಸುತ್ತಿದಿರಿ? ನಾನು ‘ಗುಡ್’ ಎಂದು ಜಂಬ ಕೊಚ್ಚಿದ್ದರೆ, ನೋಡದೆಯೇ ಐದಕ್ಕೆ ಐದು ಕೊಡುತ್ತಿದ್ದಿರಲ್ಲವೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಿಂಗಳು ಮುಗಿಯುವುದರೊಳಗೆ ಉತ್ತರಪತ್ರಿಕೆ ಹಿಡಿದುಕೊಂಡು ನಮ್ಮ ಕೋಣೆಗೆ ಬನ್ನಿ. ನಾನು ಇಸ್ತ್ರಿ ಮಾಡಿದ್ದನ್ನು ಬಿಡಿಸಿ ನೋಡಿ, ಆ ಐದು ಜಾಗ ತಮ್ಮ ಕೈಯಿಂದಲೇ ತುಂಬಿ. ಬ್ಯಾಡ್ ಎನ್ನಿಸಿದರೆ ಬ್ಯಾಡ್ ಎಂದೇ ಬರೆಯಿರಿ, ನಾನು ಹಬೆಗೆ ವಾಪಸು ಹೋಗುತ್ತೇನೆ. ಬರಲು ಪುರಸೊತ್ತಿಲ್ಲವೆಂದರೆ, ಕಾಣದ ಕೆಲಸಕ್ಕೆ ಹಾಕಿದ ಸೊನ್ನೆಯನ್ನು ಅಳಿಸಿಬಿಡಿ.

ಇಂತಿ,
ಬಾಗಿಲ ಕಡೆಗೊಂದು ಕಣ್ಣಿಟ್ಟಿರುವ,
ಮೂವತ್ತಾರು ಅಂಕದ ಇಸ್ತ್ರಿಯವಳು