ವಾಲಿದ ಮರದ ಮನೆಯಿಂದ

ಬಡಾವಣೆ ಸಂಘದ ಮಾನ್ಯ ಅಧ್ಯಕ್ಷರೇ,

ಮರ ಕಡಿಯುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಉಳಿದದ್ದನ್ನು ನಿಧಾನವಾಗಿ ಓದಿ. ಸಂಘದ ಫಲಕಕ್ಕೂ ಒಂದು ಪ್ರತಿ ಅಂಟಿಸಿದ್ದೇನೆ, ನಾಲ್ಕು ಜನ ಓದಲಿ ಎಂದು.

ನಮ್ಮ ಗೋಡೆಗೂ ಕಾಲುದಾರಿಗೂ ನಡುವಿನ ಮೂರಡಿ ಪಾತಿಯಲ್ಲಿ ಒಂದು ರೆಡ್‌ಬಡ್ ಮರವಿದೆ. ಅದು ದಾರಿಯ ಮೇಲೆ ವಾಲಿದೆ, ಸಾಲದ್ದಕ್ಕೆ ಒಂಟಿ. ಆದ್ದರಿಂದ ಅದನ್ನು ಕಿತ್ತು, ಬಾಗಿಲ ಎರಡೂ ಪಕ್ಕ ಒಂದೇ ಎತ್ತರದ ಚೂಪು ಸ್ಪ್ರೂಸ್ ಗಿಡ ನೆಡಬೇಕೆಂದು ನಿಮ್ಮ ಅಪ್ಪಣೆ. ಓಹಾಯೋದ ಈ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು, ಬಾಗಿಲುಗಳು ಒಂದೇ ಬಣ್ಣದವು. ಗಿಡಗಳೂ ಒಂದೇ ಆಗಿಬಿಟ್ಟರೆ ಯಾವ ಸ್ವರ್ಗ ಕೈಗೆ ಸಿಗುತ್ತದೆ, ಸ್ವಾಮಿ?

ಇಷ್ಟು ಇಕ್ಕಟ್ಟಿಗೆ ಅಷ್ಟು ಹರಡುವ ಮರ ತಕ್ಕದ್ದಲ್ಲ, ಒಪ್ಪುತ್ತೇನೆ. ನನ್ನ ತಾಯಿ ವರ್ನಾ ಕೆಂಟಕಿಯ ತವರಿನಿಂದ ಕಾಫಿ ಡಬ್ಬಿಯಲ್ಲಿ ಸಸಿ ತಂದು ನೆಟ್ಟಾಗ ನಾನೂ ಗೊಣಗಿದ್ದೆ.

"ಅಮ್ಮ, ಇದು ಗೋಡೆಗೆ ಗುದ್ದತ್ತೆ."

"ನಿನ್ನ ಹಾಗೆ ಗುದ್ದೋದಕ್ಕೆ ಅದೇನು ಪೆದ್ದೇನೋ? ಬೆಳಕಿರೋ ಕಡೆ ಹೋಗತ್ತೆ ಬಿಡು."

ಹೋಯಿತು. ಗೋಡೆಯ ಕಡೆಯ ಕೊಂಬೆಗಳನ್ನು ನಾನು ಸವರುತ್ತಾ ಬಂದೆ, ಮರ ದಾರಿಯ ಕಡೆ ಬಾಗಿತು. ಏಪ್ರಿಲ್‌ನಲ್ಲಿ ಎಲೆ ಬರುವ ಮೊದಲೇ ಬರಿ ಕೊಂಬೆಗೆ ಗುಲಾಬಿ ಬಣ್ಣದ ಹೂ ಮೆತ್ತಿಕೊಂಡು ನಿಲ್ಲುತ್ತದೆ.

ಅಮ್ಮನ ಕಣ್ಣು ಈಗ ಮಂಜು. ಮನೆ ನಂಬರು ಕಾಣುವುದಿಲ್ಲ. ಆದರೂ ಸಂಜೆ ಕೋಲು ಹಿಡಿದು ಒಬ್ಬಳೇ ತಿರುಗಾಡಿ ಬರುತ್ತಾಳೆ. ಕೊಂಬೆ ಭುಜಕ್ಕೆ ತಾಗಿದರೆ ಮನೆ ಬಂತೆಂದು ಅರ್ಥ. ಯಾರ ಕೈಯನ್ನೂ ಹಿಡಿಯದೆ ಅವಳು ಹೊರಗೆ ಹೋಗಿಬರುವುದು ಅದೊಂದು ಹೊತ್ತು. ನೀವು ಕಡಿಯಹೊರಟಿರುವುದು ಅದನ್ನು.

ನಿಮ್ಮ ನೋಟಿಸು ಬಂದ ವಾರ ರಸ್ತೆ ಅಗೆದಿದ್ದರು. ಅಮ್ಮ ಹಿಂದಿನ ಬೀದಿಯಿಂದ ಸುತ್ತಿ ಬಂದು, ನಮ್ಮದೆಂದುಕೊಂಡು ನಿಮ್ಮ ಮನೆ ಹೊಕ್ಕಳು. ನಿಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು, ಎದುರಿಗಿದ್ದ ನಿಮ್ಮನ್ನೇ ನಾನೆಂದುಕೊಂಡು ಅತ್ತಳು: "ಕಡಿದೇ ಬಿಟ್ರೇನೋ ರಸೆಲ್, ಆ ಮುಠ್ಠಾಳರು? ಕೊಂಬೆ ತಾಗ್ಲೇ ಇಲ್ವಲ್ಲೋ!"

ನೀವು ನೀರು ಕೊಟ್ಟಿರಿ. ಅದಕ್ಕೆ ನಾನು ಕೃತಜ್ಞ, ವ್ಯಂಗ್ಯವಲ್ಲ. ಆಮೇಲೆ ನೀವಾಡಿದ ಮಾತನ್ನೂ ಅಮ್ಮ ನನಗೆ ಒಪ್ಪಿಸಿದ್ದಾಳೆ. ಅವಳ ಕಿವಿ ಚುರುಕಾಗಿದೆ.

"ಅಳಬೇಡಿ ತಾಯಿ, ಮರ ಇನ್ನೂ ಇದೆ. ಆ ವಾಲಿದ ಮರದ ಮನೆ ತಾನೆ ನಿಮ್ಮದು? ಬನ್ನಿ, ಬಿಟ್ಟು ಬರ್ತೀನಿ."

ನಂಬರು ಕೇಳಲಿಲ್ಲ ನೀವು. ಎರಡು ಕಣ್ಣೂ ಸರಿಯಿರುವ ನಿಮಗೇ ಈ ಬಡಾವಣೆಯಲ್ಲಿ ಒಂದು ಮನೆಯ ಗುರುತು ಹೇಳಲು ಆ ಮರ ಬೇಕಾಯಿತಲ್ಲ, ಅಧ್ಯಕ್ಷರೇ?

ನೋಟಿಸು ಹಿಂದಕ್ಕೆ ಪಡೆಯಿರಿ. ಬರುವ ಸಭೆಯಲ್ಲಿ ಜೋಡಿ ಗಿಡದ ನಿಯಮವನ್ನೇ ತೆಗೆದುಹಾಕಿ. ಅದಾಗದು, ಗರಗಸವೇ ಸರಿ ಎನ್ನುವುದಾದರೆ ಆಳುಗಳನ್ನು ಕಳಿಸಬೇಡಿ, ಖುದ್ದು ಬನ್ನಿ. ಅಮ್ಮ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. "ಬರ್ಲಿ ಬಿಡೋ, ಅವತ್ತು ನೀರು ಕೊಟ್ಟಿದ್ದಾನೆ, ನಾನು ಕಾಫಿ ಕೊಡ್ತೀನಿ. ನಾನು ಏಳೋದು ಮಾತ್ರ ಇಲ್ಲ" ಎನ್ನುತ್ತಾಳೆ.

ವಿಳಾಸ ಬರೆದಿಲ್ಲ. ನಿಮಗೆ ಗೊತ್ತೇ ಇದೆ.

ಇಂತಿ,
ಮುಠ್ಠಾಳರಿಗೆ ಇನ್ನೂ ವಂತಿಗೆ ಕಟ್ಟುತ್ತಿರುವ,
ವಾಲಿದ ಮರದ ಮನೆಯವನು